ಎಡಗೈ ಎತ್ತದ ಬಾಣಂತಿ

ಹೆರಿಗೆ ಮುಗಿಸಿ ಅಕ್ಕಲಕೋಟೆಯ ಆಸ್ಪತ್ರೆಯಿಂದ ಕುರನೂರಿನ ಮನೆಗೆ ಬಂದ ಮೇಲೆ ಶೀತಲಳಿಗೆ ಎದೆಹಾಲು ತುಂಬಿಕೊಂಡಿತು. ಆ ಸಂಜೆಯೇ ಮಗುವನ್ನು ಎತ್ತಿಕೊಳ್ಳಲು ಹೋದಾಗ ಎಡಗಂಕುಳಲ್ಲಿ ಏನೋ ಒತ್ತಿದಂತಾಯಿತು. ಕುಪ್ಪಸದೊಳಗೆ ಬೆರಳು ಹಾಕಿ ನೋಡಿಕೊಂಡಳು. ನಿಂಬೆಹಣ್ಣಿನಷ್ಟು ದೊಡ್ಡ ಗಂಟು. ಥಟ್ಟನೆ ಬೆರಳು ಹಿಂದೆಳೆದುಕೊಂಡಳು.

ಇಂಥ ಗಂಟನ್ನು ಅವಳು ಮೊದಲೊಮ್ಮೆ ನೋಡಿದ್ದಳು. ತಾನಿನ್ನೂ ಹೈಸ್ಕೂಲಿನಲ್ಲಿದ್ದಾಗ ತಾಯಿ ಸುವರ್ಣಾಳ ಕಂಕುಳಲ್ಲಿ ಎದ್ದಿತ್ತು. ಸೋಲಾಪುರದಲ್ಲಿ ಬಟ್ಟೆ ಅಂಗಡಿ ನಡೆಸುವ ಗಂಡನಿಗೂ ಆಕೆ ಹೇಳಿರಲಿಲ್ಲ. ಪರರ ಮುಂದೆ ತೋಳೆತ್ತಿ ಬಗಲು ತೋರಿಸುವುದೆಂದರೆ ಆಕೆಗೆ ಜೀವ ಹೋದಷ್ಟು ನಾಚಿಕೆ. ಉದ್ದ ತೋಳಿನ ಕುಪ್ಪಸ ಹೊಲಿಸಿಕೊಂಡು ತಿಂಗಳುಗಟ್ಟಲೆ ಮುಚ್ಚಿಟ್ಟಳು. ಕೊನೆಗೆ ಡಾಕ್ಟರರ ಹತ್ತಿರ ಹೋಗುವ ಹೊತ್ತಿಗೆ ಎದೆಯ ಕ್ಯಾನ್ಸರು ಕೈಮೀರಿ ಹಬ್ಬಿತ್ತು. ತಾಯಿಯಿಲ್ಲದ ಮಗಳಿಗೆ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲೇ ಆಗಬೇಕಾಯಿತು.

ಗಂಡ ಕೈಲಾಸ ತೊಟ್ಟಿಲ ಪಕ್ಕದಲ್ಲಿ ಕೂತು ಮಗಳ ಕಾಲ್ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅವನಿಗೆ ಹೇಳಬೇಕೆಂದು ಶೀತಲ ಬಾಯಿ ತೆರೆದಳು. ಆ ಮುಖದ ಸಂತೋಷ ಕಂಡು ಮಾತು ನುಂಗಿಕೊಂಡಳು. ಅವ್ವ ಮಾಡಿದ್ದನ್ನೇ ತಾನೂ ಮಾಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯದೆ ಇರಲಿಲ್ಲ.

ಅತ್ತೆ ಗುರಮ್ಮ ದಿನಾ ಬೆಳಿಗ್ಗೆ ಬಾಣಂತಿಗೆ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹಾಕುತ್ತಿದ್ದಳು. ಶೀತಲ ಎಡತೋಳನ್ನು ಪಕ್ಕೆಗೆ ಅಂಟಿಸಿಕೊಂಡೇ ಕೂರುತ್ತಿದ್ದಳು. ಮೊದಲು ಗುರಮ್ಮ ಇದು ನಾಚಿಕೆ ಅಂದುಕೊಂಡಳು. ಆದರೆ ಮಗು ಎಡಮಗ್ಗುಲಿಗೆ ಬಂದಾಗಲೆಲ್ಲ ಸೊಸೆ ಹಲ್ಲು ಕಚ್ಚುವುದು ಅವಳ ಕಣ್ಣಿಗೆ ಬಿತ್ತು.

"ಕೈ ಎತ್ತವ್ವಾ."

"ಬ್ಯಾಡ್ರಿ ಅತ್ತಿ. ಅಲ್ಲಿ ನಾನ ಹಚ್ಕೋತೀನಿ."

"ಯಾಕ? ಬಗಲಾಗ ಏನರ ಆಗ್ಯದೇನು?"

"ಏನಿಲ್ಲರಿ. ಬೆವರಿನ ವಾಸನಿ ಬರ್ತದ."

ಗುರಮ್ಮ ನಕ್ಕಳು. "ಬಾಣಂತಿ ಬಗಲು ಮಲ್ಲಿಗಿ ಹೂವಿನಂಗ ಘಮ್ಮ ಅಂತದೇನು? ನಿನ್ನ ಮಗಳು ನಿನ್ನ ಗುರ್ತ ಹಿಡಿಯೂದ ಆ ವಾಸನಿಲೆ. ಎತ್ತು, ನೋಡೂಣು."

ಶೀತಲ ಎತ್ತಲಿಲ್ಲ. ತಲೆ ತಗ್ಗಿಸಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. "ನಮ್ಮ ಅವ್ವಗೂ ಹಿಂಗ ಆಗಿತ್ತರಿ ಅತ್ತಿ. ಇದ ಜಾಗಾ."

ಗುರಮ್ಮ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು, ಎಣ್ಣೆಯ ಕೈ ಸೆರಗಿಗೆ ಒರೆಸಿಕೊಂಡು, ಸೊಸೆಯ ಮೊಣಕೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ಮೆಲ್ಲಗೆ ಮೇಲಕ್ಕೆತ್ತಿದಳು. ಬೆರಳ ತುದಿಯಿಂದ ಅಷ್ಟೇ ಮುಟ್ಟಿ ನೋಡಿದಳು. "ನೋವು ಆಗ್ತದೇನು?" ಎಂದು ಕೇಳಿ, ಒಣಬಟ್ಟೆ ಸುತ್ತಿ ಅವಳನ್ನು ಒಳಗೆ ಕರೆದುಕೊಂಡು ಹೋದಳು.

ಪಕ್ಕದ ಮನೆಯ ಜನಾಬಾಯಿ ಸುದ್ದಿ ಕೇಳಿ ಬಂದಳು. "ಬಗಲಾಗಿನ ಕುರು ಇರ್ತದ. ಸುಣ್ಣಾ ಬೆಲ್ಲಾ ಹಚ್ಚಿ ಹಿಂಡ್ರಿ, ಒಡದ ಹೋಗ್ತದ."

"ಕುರು ಆದ್ರ ಕೆಂಪಗಾಗ್ತದ, ಬಾಯಿ ಮಾಡ್ತದ. ಇದು ಹಂಗಿಲ್ಲ. ತಿಳೀಲಾರದ್ದಕ್ಕ ನಾ ಕೈ ಹಚ್ಚಂಗಿಲ್ಲ. ಸೋಲಾಪುರಕ್ಕ ಕರ್ಕೊಂಡು ಹೋಗ್ತೀನಿ."

"ಹಸಿ ಬಾಣಂತಿನ ಹೊರಗ ಒಯ್ತೀರೇನು? ಗಾಳಿ ಹತ್ತಿದ್ರ?"

"ಗಾಳಿ ಹತ್ತಿದ್ರ ಕಿವ್ಯಾಗ ಹತ್ತಿ ಅರಳಿ ಇಡ್ತೀನಿ. ಗಂಟು ಬೆಳದ್ರ ಏನಿಡ್ಲಿ?"

ಗುರಮ್ಮ ಹೇಳಿದ್ದೇ ಕೈಲಾಸ ಗೆಳೆಯನ ಕಾರು ತಂದ. ದಾರಿಯುದ್ದಕ್ಕೂ ತಗ್ಗು ಬಂದಲ್ಲೆಲ್ಲ ಗಾಡಿಯನ್ನು ನಿಂತೇಬಿಟ್ಟಿತೋ ಎನ್ನುವಷ್ಟು ನಿಧಾನ ಮಾಡಿದ. ಗುರಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಸೊಸೆಯ ಕೈ ಹಿಡಿದು ಕೂತಿದ್ದಳು.

ಸೋಲಾಪುರದ ಡಾಕ್ಟರ್ ಛಾಯಾ ನಡುವಯಸ್ಸಿನ ಹೆಂಗಸು. ಎರಡೂ ಎದೆ, ಎರಡೂ ಕಂಕುಳು ನೋಡಿದರು. ಸ್ಕ್ಯಾನ್ ಮಾಡಿದರು. ಶೀತಲ ಪರದೆಯ ಕಡೆ ನೋಡದೆ ಗೋಡೆ ನೋಡುತ್ತ ಮಲಗಿದ್ದಳು. ಆಮೇಲೆ ಡಾಕ್ಟರರು, "ಅರೇ, ಇಲ್ಲಿ ನೋಡವ್ವಾ" ಎಂದು ಕರೆದರು. ಗಂಟಿನ ಮೇಲೆ ಅರಿಶಿನದ ಚುಕ್ಕಿಯಷ್ಟು ಸಣ್ಣ ಕಲೆಯಿತ್ತು. ಅದರ ತುದಿಯಲ್ಲಿ ಒಂದು ಬಿಳಿ ಹನಿ ನಿಂತಿತ್ತು.

"ಹಾಲು!" ಎಂದಳು ಗುರಮ್ಮ.

"ಹೌದ್ರಿ ಆಯೀ, ಹಾಲ. ನಾವು ಇನ್ನಾ ತಾಯಿ ಹೊಟ್ಯಾಗ ಇದ್ದಾಗ ಮೈಮ್ಯಾಲ ಬಗಲಿಂದ ತೊಡಿ ತನಾ ಹಾಲಿನ ಗೆರಿ ಒಂದು ಮೂಡಿರ್ತದ. ಎದಿ ಜಾಗಾ ಬಿಟ್ಟು ಉಳಿದದ್ದು ಅಳಿಸಿ ಹೋಗ್ತದ. ಕೆಲವರಿಗೆ ಬಗಲಾಗ ಚೂರು ಉಳಕೋತದ. ಹೆರಿಗಿ ಆಗೂ ತನಾ ಅದು ಗೊತ್ತ ಆಗಂಗಿಲ್ಲ. ಈಗ ಎದಿಗಿ ಹಾಲು ಬಂತು, ಅದಕ್ಕೂ ಬಂತು."

"ನಮ್ಮ ಎಮ್ಮಿಗೂ ಒಂದು ಮೊಲಿ ಹೆಚ್ಚಿಗಿ ಅದರಿ."

"ಅತ್ತೀ!" ಎಂದು ಶೀತಲ ನಾಚಿ ನಕ್ಕಳು. ನಕ್ಕವಳಿಗೆ ಅಳು ಬಂತು. ಡಾಕ್ಟರರು ಅವಳು ಅತ್ತು ಮುಗಿಸುವವರೆಗೂ ಕಾದರು.

"ಹಿಂಡಬ್ಯಾಡ್ರಿ, ಶಾಖಾ ಕೊಡಬ್ಯಾಡ್ರಿ. ತಣ್ಣೀರ ಬಟ್ಟಿ ಇಡ್ರಿ, ತಾನ ಇಳೀತದ. ಕೆಂಪಾಗಿ ಜ್ವರಾ ಬಂದ್ರ ಮಾತ್ರ ತಡಾ ಮಾಡಬ್ಯಾಡ್ರಿ. ಮತ್ತ ನಿಮ್ಮ ಅವ್ವಂದು ಕೇಳಿದೆ. ಇದು ಅದಲ್ಲ. ಆದ್ರೂ ನೀವು ವರ್ಷಕ್ಕೊಮ್ಮಿ ಬಂದು ತೋರಿಸ್ಕೋಬೇಕು. ಮುಚ್ಚಿಡಬಾರದು."

ಹೊರಗೆ ಕೈಲಾಸನ ಜೊತೆ ಶೀತಲಳ ಅಪ್ಪ ರಾಚಪ್ಪ ನಿಂತಿದ್ದ. ಅಳಿಯನ ಫೋನು ಬಂದದ್ದೇ ಅಂಗಡಿಯನ್ನು ಹಾಗೇ ಬಿಟ್ಟು ಓಡಿ ಬಂದಿದ್ದ. ಕೇಳುವ ಧೈರ್ಯವಿಲ್ಲದೆ ಮಗಳ ಮುಖವನ್ನೇ ನೋಡಿದ.

"ಏನಿಲ್ಲಪ್ಪಾ. ಹಾಲು ಅಷ್ಟ."

ಕೈಲಾಸ ಗೋಡೆಗೊರಗಿ ಉಸಿರು ಬಿಟ್ಟ. ರಾಚಪ್ಪ ಬೆಂಚಿನ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಆಕಿ ಒಂದು ಮಾತು ನನಗ ಹೇಳಿದ್ರ..." ಎಂದ.

"ಹೆಂಗ ಹೇಳ್ತಾಳ್ರಿ?" ಎಂದಳು ಗುರಮ್ಮ ಮೆತ್ತಗೆ. "ಹುಟ್ಟಿದಾಗಿಂದ ಅದು ಮುಚ್ಕೋ, ಇದು ಮುಚ್ಕೋ ಅಂತ ಕಲಿಸಿದವರು ನಾವ. ಆಕಿದೇನು ತಪ್ಪಿಲ್ಲರಿ."

ರಾಚಪ್ಪ ತಲೆಯಾಡಿಸಿದ. ಶೀತಲ ಅಪ್ಪನ ಪಕ್ಕದಲ್ಲಿ ಕೂತಳು. ಮೊಮ್ಮಗಳನ್ನು ಅವನ ಮಡಿಲಿಗೆ ಕೊಟ್ಟಳು. ಅವನು ಬಹಳ ಹೊತ್ತು ಮಗುವಿನ ತಲೆ ನೇವರಿಸುತ್ತ ಕೂತ.

ಊರಿಗೆ ಬಂದ ಮೇಲೆ ಮಧ್ಯಾಹ್ನ ಗುರಮ್ಮ ಮಣ್ಣಿನ ಗಡಿಗೆಯ ನೀರಿನಲ್ಲಿ ಹಳೆಯ ಧೋತರದ ತುಂಡು ಅದ್ದಿ ತಂದಳು. ಹೇಳುವ ಮೊದಲೇ ಶೀತಲ ಎಡಗೈ ಎತ್ತಿ ತಲೆಯ ಮೇಲಿಟ್ಟುಕೊಂಡಳು. ತಣ್ಣನೆಯ ಬಟ್ಟೆ ಕಂಕುಳಿಗೆ ತಾಗಿದಾಗ "ಹಾಯ್" ಅಂದಳು. ಬಟ್ಟೆ ಬೆಚ್ಚಗಾದಂತೆಲ್ಲ ಗುರಮ್ಮ ಅದ್ದಿ ಅದ್ದಿ ಇಡುತ್ತಿದ್ದಳು. ಮನೆಗೆ ಬಂದಾಗಿನಿಂದ ಸರಿಯಾಗಿ ಕಣ್ಣು ಮುಚ್ಚದಿದ್ದ ಹುಡುಗಿ, ತೋಳು ಮೇಲೆತ್ತಿಕೊಂಡೇ, ಬಾಯಿ ಅರೆತೆರೆದು ನಿದ್ದೆ ಹೋದಳು.