ಮೀನು ಬಾಯಿ ತೆರೆದ ಸಂಜೆ

ಸಿದ್ರಾಮನೂ ಉಳಿದ ಮೂವರೂ ಚಟ್ಟವನ್ನು ಹೆಗಲಿಗೇರಿಸಿ ಎಡಕ್ಕೆ ತಿರುಗುವಷ್ಟರಲ್ಲಿ ಕೆಂಪವ್ವ ತನ್ನ ಕೋಲನ್ನು ಹಾದಿಗೆ ಅಡ್ಡ ಹಿಡಿದಳು.

"ಎಡಕ್ಕಲ್ಲ. ಬಲಕ್ಕ ಹೊಳ್ರಿ."

"ಆಯಿ, ಬಲಕ್ಕಂದ್ರ ಮ್ಯಾಲಿನ ಓಣಿ," ಸಿದ್ರಾಮ ಅಜ್ಜಿಯ ಕಿವಿಯ ಹತ್ತಿರ ಬಗ್ಗಿದ. "ನಮ್ಮ ಓಣಿ ಹೆಣ ಯಾವಾಗ್ಲೂ ಕಾಲವಿ ದಂಡಿಗುಂಟ ಹೋಗ್ಯಾವು."

"ಹೆಣ ಹೋಗ್ಯಾವು. ಹೆಡ್ ಅಕ್ಕೋರು ಹೋಗಿಲ್ಲ. ನಿಮ್ಮವ್ವ ದಿನಾ ಯಾವ ಹಾದಿಲೆ ಸಾಲಿಗಿ ಹೋಗತಿದ್ಲು, ಅದಽ ಹಾದಿಲೆ ಹೊಂಟಾಳ. ಇವತ್ತ ಶನಿವಾರ. ಶನಿವಾರ ಸಾಲಿ ತಪ್ಪಸಾಕಿ ಅಲ್ಲ ಆಕಿ."

ಬಿಳಿ ಸೀರೆಯಲ್ಲಿ ಮಲಗಿದ್ದ ಆಮ್ರಪಾಲಿ ಕೆಂಪವ್ವನ ಸೊಸೆ, ಊರ ಶಾಲೆಯ ಮುಖ್ಯಾಧ್ಯಾಪಕಿ. ಹಿಂದಿನ ಸಂಜೆ ಎದೆ ನೋವು ಎಂದು ಕೂತವಳು ಯಮಕನಮರಡಿಯ ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು.

ಹೊತ್ತವರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಅಷ್ಟರಲ್ಲಿ ಮೇಲಿನ ಓಣಿಯ ಕಡೆಯಿಂದ ಆದಿನಾಥ ಬಂದ. ದೊಡ್ಡ ಕಿರಾಣಿ ಅಂಗಡಿಯ ಜೈನರ ಮನೆಯವನು, ಶಾಲಾ ಸಮಿತಿಯ ಅಧ್ಯಕ್ಷ. ಬಂದವನೇ ಚಪ್ಪಲಿ ಕಳಚಿ ಬದಿಗಿಟ್ಟ.

"ಯಾಕ ನಿಂತ್ರಿ? ಸಾಲಿ ಗೇಟ ತೆರದೈತಿ. ಸಿದ್ರಾಮ, ಮುಂದಿನ ಹೆಗಲ ನನಗ ಕೊಡಪಾ. ನನ್ನ ಮಗಳ ಕೈ ಹಿಡದು ಅಕ್ಷರ ತಿದ್ದಿಸಿದವರು."

ಪಕ್ಕದ ಮನೆಯ ತಾಯವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಸಾವ್ಕಾರ್ರು ಹೆಗಲ ಕೊಟ್ರಲ್ಲ, ಯಕ್ಕಾ!"

"ಮಗ ಬಂದ," ಎಂದಳು ಕೆಂಪವ್ವ, ಆದಿನಾಥನ ಬೆನ್ನ ಹಿಂದಿನ ಖಾಲಿ ಹಾದಿಯನ್ನೇ ನೋಡುತ್ತ. "ಅವರವ್ವ ಎಲ್ಲಿ?"

*

ಅದು ಒಮ್ಮೆ ನೀರೊಳಗೆ ಹೋದ ಊರು. ಹಿಡಕಲ್ ಅಣೆಕಟ್ಟಿನ ಹಿನ್ನೀರು ಹಳೆಯ ಊರನ್ನು ನುಂಗಿದಾಗ ಜನ ಬಾಗಿಲು, ಚೌಕಟ್ಟು, ಬೀಸುಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಹೊತ್ತು ತಂದಿದ್ದರು. ಮೇಲಿನ ಓಣಿ, ಕೆಳಗಿನ ಓಣಿಗಳನ್ನೂ ಇದ್ದ ಹಾಗೆಯೇ ಹೊತ್ತು ತಂದಿದ್ದರು.

ತೊಂಬತ್ತಮೂರರಲ್ಲಿ ಆಮ್ರಪಾಲಿ ಮುಖ್ಯಾಧ್ಯಾಪಕಿಯಾದಾಗ ಮಕ್ಕಳೂ ಓಣಿಗೊಂದು ಸಾಲು ಮಾಡಿ ಕೂರುತ್ತಿದ್ದರು. ಅವಳು ಯಾರನ್ನೂ ಬೈಯಲಿಲ್ಲ. ಶನಿವಾರದ ಕೊನೆಯ ಪಿರಿಯಡ್ಡಿಗೆ 'ಆಯಿ ತಾಸು' ಎಂದು ಹೆಸರಿಟ್ಟಳು. ಮನೆಮನೆಯ ಅಜ್ಜಿ ಸರದಿಯಂತೆ ಬಂದು ಕತೆ ಹೇಳಬೇಕು, ಮಕ್ಕಳು ಅವಳ ಸುತ್ತ ಗುಂಡಗೆ ಕೂರಬೇಕು. ಗುಂಡಗೆ ಕೂತರೆ ಸಾಲು ಎಲ್ಲಿ ಉಳಿದೀತು?

ಮೊದಲ ಶನಿವಾರ ಯಾರ ಮನೆಯ ಆಯಿಯೂ ಬರಲಿಲ್ಲ. ಆಮ್ರಪಾಲಿ ತನ್ನ ಅತ್ತೆಯನ್ನೇ ಕೈಹಿಡಿದು ತಂದು ಕೂರಿಸಿದಳು. ಕೆಂಪವ್ವ ನೀರೊಳಗೆ ಮುಳುಗಿದ ಒಂದು ಊರಿನ ಹಳೆಯ ಕತೆ ತೆಗೆದಳು. ಆ ಊರಿನ ಅಗಸೆ ಬಾಗಿಲಿನ ಕೀಲಿಕೈಯನ್ನು ಒಂದು ಮೀನು ನುಂಗಿತ್ತಂತೆ. ಕೀಲಿಕೈ ಸಿಕ್ಕರೆ ಬಾಗಿಲು ತೆರೆದು ಊರು ಮತ್ತೆ ಮೇಲೆ ಬರುತ್ತಿತ್ತಂತೆ.

"ಬೆಸ್ತರ ಹುಡುಗಿ ಮೀನಾ ಹಿಡದ್ಲು, ಈಳಿಗಿ ತಗೊಂಡ್ಲು, ಹೊಟ್ಟಿ ಕೊಯ್ದ್ಲು..."

"ಸುಳ್ಳು!" ಬಾಗಿಲಿನಿಂದ ದನಿ ಬಂತು. ಮೊಮ್ಮಗಳು ಪ್ರಣಿತಾಳನ್ನು ಮನೆಗೆ ಎಳೆದೊಯ್ಯಲು ಬಂದಿದ್ದ ಆದಿನಾಥನ ತಾಯಿ ಸುಂದರಾಬಾಯಿ ಹೊಸ್ತಿಲಲ್ಲಿ ನಿಂತಿದ್ದಳು. "ನಮ್ಮ ಆಯಿ ಹೇಳಿದ ಕತಿ ಅದು. ಮೀನಾ ಕೊಯ್ಯಾಂಗಿಲ್ಲ! ಹುಡುಗಿ 'ಯವ್ವಾ' ಅಂತ ಕರದ್ಲು, ಮೀನಾ ತಾನಾಗೇ ಬಾಯಿ ತೆರದು ಕೀಲಿಕೈ ಕೊಟ್ಟಿತು."

"ಕೇಳಿದ ಕೂಡ್ಲೆ ತಗದು ಕೊಡಾಕ, ಆ ಮೀನಾ ಏನ್ ನಿಮ್ಮ ಅಂಗಡಿ ಗುಮಾಸ್ತ ಐತೇನ್ರಿ, ಬಾಯಾರ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮ್ರಪಾಲಿ ಮಾತ್ರ ನಗದೆ ಕೈಮುಗಿದಳು. "ಮುಂದಿನ ಶನಿವಾರ ಬಾಯಾರು ಬರಲಿ. ಖರೆ ಕತಿ ಯಾವುದು, ಹುಡುಗೂರಽ ಹೇಳ್ತಾವು."

ಸೋಲು ಒಪ್ಪದ ಸುಂದರಾಬಾಯಿ ಬಂದಳು. ಅವಳ ಹಿಂದೆ ಮಸೂತಿ ಓಣಿಯ ಅಜ್ಜಿ, ಕುರುಬರ ಅಜ್ಜಿ, ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಸುಂದರಾಬಾಯಿಯ ಕೈಯಲ್ಲಿ ಮಾತ್ರ ಯಾವಾಗಲೂ ಮನೆಯಿಂದ ಸೋಸಿ ತಂದ ನೀರಿನ ತಂಬಿಗೆ. ಹನ್ನೊಂದು ವರ್ಷ ಮೀನಿಗಾಗಿ ಜಗಳ ನಡೆಯಿತು. ತಂಬಿಗೆಯೂ ತಪ್ಪಲಿಲ್ಲ.

*

ಚಟ್ಟ ಮೇಲಿನ ಓಣಿಗೆ ಬಂದಾಗ ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಶಾಲೆಯ ಗೇಟಿನಲ್ಲಿ ಊರ ಅಜ್ಜಿಯರೆಲ್ಲ ನಿಂತಿದ್ದರು. ಅಂಗಳದಲ್ಲಿ ಚಟ್ಟ ಇಳಿಸಿದೊಡನೆ ಮಕ್ಕಳು ತಾವಾಗಿಯೇ ಅದರ ಸುತ್ತ ಗುಂಡಗೆ ಕೂತರು. ಹಿಂದಿನಿಂದ ಅಜ್ಜಿಯರು ಕೂತರು. ಯಾರೋ ಗಂಟೆ ಹೊಡೆದರು.

ಕೆಂಪವ್ವ ಬಿಳಿ ತಲೆಗಳನ್ನು ಒಂದೊಂದಾಗಿ ನೋಡಿದಳು. ಸುಂದರಾಬಾಯಿ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ರೊಟ್ಟಿ ಬಡಿಯುತ್ತ ಸೊಸೆ ಆಡಿದ ಮಾತು ನೆನಪಾಯಿತು. "ಅತ್ತಿ, ಒಂದಿನ ಸುಂದರಾಬಾಯಾರು ನಮ್ಮ ಮನಿ ನೀರ ಕುಡೀತಾರ, ನೋಡ್ರಿ."

"ಕುಡದ್ಲು ತಗೋ. ಕರದಾಗೆಲ್ಲ ಏನಂತಾಳ? 'ಹೊತ್ತ ಮುಳಗಾಕ ಬಂತು, ನಮಗ ಆಮ್ಯಾಲ ಬಾಯಿಗೇನೂ ನಡ್ಯಾಂಗಿಲ್ಲ, ಇನ್ನೊಮ್ಮೆ ಬರತೇನಿ.' ಆಕಿ ನಮ್ಮ ನೀರ ಕುಡದ ದಿನ ನನ್ನ ಮೀನಾನೂ ತಾನಾಗೇ ಬಾಯಿ ತೆರೀತೈತಿ!"

"ಮಾತಿಗಿ ತಪ್ಪಬಾರದು ಮತ್ತ."

"ಮಾತಂದ್ರ ಮಾತು."

"ತೆರೀತೈತಿ, ಅತ್ತಿ," ಆಮ್ರಪಾಲಿ ರೊಟ್ಟಿ ತಿರುವಿ ಹಾಕಿ ನಕ್ಕಿದ್ದಳು. "ಸ್ವಲ್ಪ ತಡಾ ಆದೀತು, ಅಷ್ಟಽ."

*

ಮಣ್ಣು ಕೊಟ್ಟು ಬಂದಾಗ ಹೊತ್ತು ಹಿನ್ನೀರಿನ ಅಂಚಿಗೆ ಇಳಿದಿತ್ತು. ಬುದ್ಧನ ಪಟದ ಮುಂದೆ ಮೇಣಬತ್ತಿ ಉರಿಯುತ್ತಿತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಬುತ್ತಿ ಹೊರಗಿನಿಂದಲೇ ಬರಬೇಕು. ತಾಯವ್ವ ತನ್ನ ಮನೆಯ ರೊಟ್ಟಿ ತಂದಿಟ್ಟಿದ್ದಳು.

"ಒಂದ ತುತ್ತ ಉಣ್ಣು, ಯಕ್ಕಾ. ಯಾರ ಹಾದಿ ನೋಡಾಕತ್ತಿ?"

"ಯಾರದೂ ಇಲ್ಲ. ಹೊತ್ತ ನೋಡಾಕತ್ತೇನಿ."

ಓಣಿಯ ತುದಿಯಲ್ಲಿ ಬಳೆಗಳ ಸದ್ದಾಯಿತು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರ ಹಿಂಡು ಬರುತ್ತಿತ್ತು. ಮುಂದೆ ಮೊಮ್ಮಗಳ ಭುಜ ಹಿಡಿದು ಸುಂದರಾಬಾಯಿ. ಕೆಳಗಿನ ಓಣಿಯ ಮಣ್ಣಿಗೆ ಅವಳ ಪಾದ ತಾಗಿದ್ದು ಅದೇ ಮೊದಲು. ಅವಳು ಹೊಸ್ತಿಲಲ್ಲಿ ನಿಲ್ಲಲಿಲ್ಲ. ಸೀದಾ ಒಳಗೆ ಬಂದು ಕೆಂಪವ್ವನ ಚಾಪೆಯ ಮೇಲೆಯೇ ಕೂತಳು.

"ಸಾಲ್ಯಾಗ ಕಾಣಲಿಲ್ಲಂತ ಬೈದಿರಬೇಕು ಈಕಿ," ಎಂದಳು ಏದುಸಿರು ಬಿಡುತ್ತ. "ಮುಂಜಾನಿಂದ ಮನಿಮನಿಗಿ ಹೋಗಿ ರೊಟ್ಟಿ ಬಡ್ಯಾಕ ಹಚ್ಚೇನಿ. ಬುತ್ತಿ ಯಾರ ಕಟ್ಟಬೇಕಿತ್ತು, ನಿನ್ನ ಮೀನಾ?"

ಕೆಂಪವ್ವ ಸುಂದರಾಬಾಯಿಯ ಕೈಗಳನ್ನು ನೋಡುತ್ತಿದ್ದಳು. ಎರಡೂ ಕೈ ಖಾಲಿ. ತಂಬಿಗೆ ಇರಲಿಲ್ಲ.

ಬಾಗಿಲಲ್ಲಿ ಆದಿನಾಥ ಚಡಪಡಿಸಿದ. "ಅವ್ವಾ, ಮನಿಗಿ ನಡಿ. ಮುಂಜಾನಿಂದ ಹನಿ ನೀರ ಕುಡದಿಲ್ಲ. ಹೊತ್ತ ಮುಳಗಿದ್ರ ಉಪಾಸ ಬೀಳತಿ."

"ಉಪಾಸ ಯಾಕ ಬೀಳಲಿ? ಇದೇನ್ ಮನಿ ಅಲ್ಲೇನು?" ಸುಂದರಾಬಾಯಿ ಸೊಂಟಕ್ಕೆ ಸಿಕ್ಕಿಸಿದ್ದ ಬಿಳಿ ಅರಿವೆ ತೆಗೆದು ಎರಡು ಮಡಿಕೆ ಮಾಡಿದಳು. "ಲಗೂ ನೀರ ಹಾಕು, ಕೆಂಪವ್ವ. ಹೊತ್ತ ನನ್ನ ಮಾತ ಕೇಳಾಂಗಿಲ್ಲ."

ಕೆಂಪವ್ವ ತನ್ನ ತಂಬಿಗೆಯನ್ನು ಬೂದಿ ಹಚ್ಚಿ ತಿಕ್ಕಿ ತಂದಳು. ಸುಂದರಾಬಾಯಿ ಅದರ ಬಾಯಿಗೆ ಅರಿವೆ ಹಿಡಿದಳು. ಕೆಂಪವ್ವ ಕೊಡ ಬಗ್ಗಿಸುವಾಗ ನೀರು ಇಬ್ಬರ ಮಡಿಲಿಗೂ ಚೆಲ್ಲಿತು.

"ಇಷ್ಟಾದ್ರೂ ಸೋಸೂದು ಬಿಡವಲ್ಲಿ ನೋಡು."

"ನಮ್ಮ ಬಾಂವಿ ನೀರೂ ಸೋಸತೇನಿ. ನಿನ್ನ ನೀರಿಗಷ್ಟಽ ಮಾಫಿ ಕೊಡಲೇನು?"

ತಾಯವ್ವ ಅಳುತ್ತಲೇ ನಕ್ಕಳು. ಹೊಸ್ತಿಲ ಆಚೆ ಎಲ್ಲ ಓಣಿಯ ಮಕ್ಕಳೂ ಬಂದು ಮುತ್ತಿದ್ದರು. ಒಂದು ಹುಡುಗಿ ಮೆಲ್ಲಗೆ ಅಂದಳು, "ಆಯಿ, ಇವತ್ತ ಆಯಿ ತಾಸ ಆಗಲೇ ಇಲ್ಲ."

ಕೆಂಪವ್ವ ಮೇಣಬತ್ತಿಯ ಕಡೆ ಒಮ್ಮೆ ನೋಡಿದಳು. ಮಕ್ಕಳನ್ನು ಒಳಗೆ ಕರೆದಳು.

"ಬೆಸ್ತರ ಹುಡುಗಿ ಮೀನಾ ಹಿಡದ್ಲು. ಈಳಿಗಿನೂ ತಗೊಂಡ್ಲು."

ಮುಂದಿನದು ಮಕ್ಕಳಿಗೆಲ್ಲ ಬಾಯಿಪಾಠ. "ಹೊಟ್ಟಿ ಕೊಯ್ದ್ಲು!" ಎಂದು ಕೂಗಿದರು.

"ಇಲ್ಲ. ಕೊಯ್ಯಲಿಲ್ಲ."

"ಮತ್ತ?"

ಸುಂದರಾಬಾಯಿ ತಂಬಿಗೆ ಎತ್ತಿದಳು. ಪರರ ಮನೆಯಲ್ಲಿ ಕುಡಿಯುವಂತೆ ಮೇಲಿನಿಂದ ಬಾಯಿಗೆ ಸುರಿದುಕೊಳ್ಳಲಿಲ್ಲ. ಅಂಚಿಗೆ ತುಟಿ ಹಚ್ಚಿದಳು.

"ಮೀನಾ," ಎಂದಳು ಕೆಂಪವ್ವ, "ತಾನಾಗೇ ಬಾಯಿ ತೆರೀತು."

ಗುಟುಕು ಗುಟುಕಾಗಿ ನೀರು ಇಳಿಯುತ್ತಿತ್ತು. ಬಾಗಿಲಿನಿಂದ ನುಗ್ಗಿದ ಕೊನೆಯ ಬಿಸಿಲು ಹಿತ್ತಾಳೆ ತಂಬಿಗೆಯ ಮೇಲೆ ಕೀಲಿಕೈಯಷ್ಟು ಉದ್ದ ಹೊಳೆಯಿತು.