ಅಲ್ಲಾಡುವ ಕುರ್ಚಿ

ಕಲ್ಲು ಮಿಸುಕಲಿಲ್ಲ. ಆರ್ವಿಡ್ ಹಾರೆಯ ಮೊನೆಯನ್ನು ಇನ್ನೊಂದು ಸಂದಿಗೆ ತೂರಿಸಿ ಮೈಭಾರ ಬಿಟ್ಟ. ಕಟ್ ಎಂದು ಸದ್ದಾಯಿತು. ಸೊಂಟದ್ದೋ ಕಲ್ಲಿನದೋ ತಿಳಿಯಲಿಲ್ಲ. ಗಂಟೆ ಹತ್ತು. ಹೆಂಡತಿ ಕೊರಿನ್ ಮೂರಕ್ಕೆ ಬರುತ್ತೇನೆಂದಿದ್ದಳು. ಐದು ನಿಮಿಷ ಮೊದಲೇ ಬಂದು, ಕಾರಿನಲ್ಲೇ ಕೂತಿದ್ದು, ಹೇಳಿದ ಹೊತ್ತಿಗೆ ಸರಿಯಾಗಿ ಇಳಿಯುವವಳು ಅವಳು.

ಮನೆಯ ಹಿಂದಿನ ಕಲ್ಲುಹಾಸನ್ನು ಆರು ತಿಂಗಳ ಮೇಲೆ ಇವತ್ತೇ ಅವನು ಸರಿಯಾಗಿ ನೋಡಿದ್ದು. ಅಡುಗೆಮನೆಯ ಕಿಟಕಿಯಿಂದ ದಿನವೂ ಕಾಣುತ್ತಿತ್ತು, ನಿಜ. ಆದರೆ ಕಂಡದ್ದು ಹಿಮ, ಹಿಮದ ಮೇಲೆ ಅಳಿಲಿನ ಹೆಜ್ಜೆ, ಟಾರ್ಪಾಲಿನಡಿ ಮುದುರಿ ಕೂತ ಎರಡು ಕುರ್ಚಿ, ಒಂದು ಮೇಜು. ಬೆಳಿಗ್ಗೆ ಟಾರ್ಪಾಲು ಬಿಚ್ಚಿದಾಗ ನಿಂತ ನೀರಿನ ವಾಸನೆ ಮುಖಕ್ಕೆ ಬಡಿಯಿತು. ಕೊಳೆತ ಎಲೆ ಗುಡಿಸಿದ. ಕುರ್ಚಿ, ಮೇಜು ತೊಳೆದ. ಸಂದಿಯ ಪಾಚಿಯನ್ನು ಅಡುಗೆಮನೆಯ ಚಾಕುವಿನಿಂದಲೇ ಕೆರೆದ. ಬೈಯುವವರಿರಲಿಲ್ಲ. ಬೈಗುಳಕ್ಕಾಗಿ ಒಂದು ಕ್ಷಣ ಕಾದದ್ದು ಮಾತ್ರ ಅವನಿಗೇ ವಿಚಿತ್ರವೆನಿಸಿತು.

ಉಳಿದದ್ದು ಈ ಕಲ್ಲು. ಕೊರಿನ್‌ಳ ಕುರ್ಚಿಯ ಕೆಳಗಿನದು. ಪ್ರತಿ ಚಳಿಗಾಲದಲ್ಲೂ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ ಇದರ ಒಂದು ಮೂಲೆಯನ್ನು ಎತ್ತುತ್ತಿತ್ತು. ಅವಳು ಕೂತರೆ ಕುರ್ಚಿ ಟಕ್ ಎಂದು ಒಂದು ಕಡೆ ವಾಲುವುದು, ಎದ್ದರೆ ಟಕ್ ಎಂದು ಇನ್ನೊಂದು ಕಡೆ. ಹನ್ನೊಂದು ವರ್ಷದಿಂದ ಅವಳು ಚರ್ಚಿನಲ್ಲಿ ಕೊಡುವ ಪ್ರಾರ್ಥನೆಯ ಹಾಳೆಯನ್ನು ಮಡಿಸಿ ಮಡಿಸಿ ಕುರ್ಚಿಯ ಕಾಲಿಗೆ ಒತ್ತು ಕೊಡುತ್ತಿದ್ದಳು. ‘ಒಂದಿನ ಸರಿಮಾಡು’ ಎಂದು ಮೊದಲೆರಡು ವರ್ಷ ಹೇಳಿದಳು. ಆಮೇಲೆ ಹೇಳಲಿಲ್ಲ. ಹೇಳುವುದು ನಿಂತದ್ದರಿಂದ ಕಲ್ಲು ಸರಿಹೋಯಿತೆಂದು ಅವನು ತಿಳಿದಿದ್ದನೇನೋ. ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಭೂವಿಜ್ಞಾನ ಹೇಳಿಕೊಟ್ಟವನು. ನೆಲ ಹೇಗೆ ಹೆಪ್ಪುಗಟ್ಟಿ ಉಬ್ಬುತ್ತದೆ ಎಂಬುದಕ್ಕೆ ಅವನ ಪಾಠದಲ್ಲಿ ಹದಿನಾಲ್ಕು ಚಿತ್ರಗಳಿದ್ದವು.

“ಏನ್ ಮೇಷ್ಟ್ರೇ, ಹೆಣ ಹೂಳ್ತಿದೀರೋ, ತೆಗೀತಿದೀರೋ?”

ಬೇಲಿಯಾಚೆ ಪಕ್ಕದ ಮನೆಯ ಡ್ವೇನ್. ಕೋಟಿನ ಕೆಳಗೆ ಅರ್ಧ ಚಡ್ಡಿ. ಹಿಮ ಕರಗಿದ ಮೊದಲ ದಿನದಿಂದ ಅವನಿಗೆ ಅದೇ ಉಡುಪು.

“ಕಲ್ಲು ಸಮ ಮಾಡ್ತಿದೀನಿ.”

“ಏಪ್ರಿಲ್‌ನಲ್ಲಾ? ಅಡೀಲಿ ಇನ್ನೂ ಮಂಜುಗಡ್ಡೆ ಕಟ್ಟಿದೆ. ಈಗ ಸಮ ಮಾಡಿದ್ರೆ ಕರಗಿದ್ಮೇಲೆ ಕುಸಿಯುತ್ತೆ. ನಿಮಗೇ ನಾನ್ ಪಾಠ ಹೇಳ್ಬೇಕಾ?”

“ಇವತ್ತಿಗೆ ನಿಂತ್ರೆ ಸಾಕು.”

ಡ್ವೇನ್ ಗುಡ್ಡದಡಿಯ ಸರೋವರದ ಕಡೆ ನೋಡಿದ. “ಕೊರಿನ್ ಬರ್ತಾಳಾ?”

“ಕಾಫಿಗೆ.”

“ಅವಳ ಅಕ್ಕನ ಮಂಡಿ ಹೇಗಿದೆಯಂತೆ?”

“ಪರವಾಗಿಲ್ವಂತೆ.”

“ಮಂಡಿ ಅಂದ್ರೆ ಹಾಗೇ. ಟೈಮ್ ಹಿಡಿಯುತ್ತೆ.”

ನವೆಂಬರಿನಲ್ಲಿ ಅಕ್ಕನ ಮಂಡಿಗೆ ಆಪರೇಷನ್ ಎಂದು ಕೊರಿನ್ ಇಪ್ಪತ್ತು ಮೈಲಿಯಾಚೆಯ ಕ್ಲೋಕೆ ಊರಿಗೆ ಹೋಗಿದ್ದಳು. ಜನವರಿಯಲ್ಲಿ ಆ ಅಕ್ಕ ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಳ ಹಾಕಿಕೊಂಡು ಕೂತದ್ದನ್ನು ನೋಡಿಬಂದವನು ಇದೇ ಡ್ವೇನ್. ಬೀದಿಗೆಲ್ಲ ಗೊತ್ತಿತ್ತು. ಆದ್ದರಿಂದಲೇ ಎಲ್ಲರೂ ಮಂಡಿಯನ್ನು ಅಷ್ಟು ಕಾಳಜಿಯಿಂದ ವಿಚಾರಿಸುತ್ತಿದ್ದರು.

ಹೊರಡುವ ದಿನ ಅವಳು ಬಾಗಿಲಲ್ಲಿ ನಿಂತು, “ಒಂದೇ ಸೂಟ್‌ಕೇಸು, ಸಾಕಲ್ಲ,” ಎಂದಿದ್ದಳು. ಅವನು ಅದನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿಟ್ಟಿದ್ದ. ಭಾರವಾಗಿತ್ತಲ್ಲ.

ಮೊನ್ನೆ ಫೋನಿನಲ್ಲಿ ಹೇಳಿದಳು: “ಭಾನುವಾರ ಬರ್ತೀನಿ. ಪ್ರತಿ ವರ್ಷದ ಹಾಗೆ ಹಿಮ ಕರಗಿದ್ಮೇಲಿನ ಮೊದಲನೇ ಕಾಫಿ ಹೊರಗೆ ಕುಡಿಯೋಣ. ಹಾಗೇ ಬೇಸಿಗೆ ಬಟ್ಟೇನೂ ತಗೊಂಡು ಹೋಗ್ತೀನಿ.”

ಬೇಸಿಗೆಯ ಬಟ್ಟೆ ಹೋದರೆ ಅವಳೂ ಹೋದಂತೆ. ಇರು ಎಂದು ಕೇಳಬೇಕು. ಕೇಳುವುದೆಂದರೆ ಮೂರು ಸಲ. ಮೊದಲ ‘ಬೇಡ’ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯ ಸಲ ಬರುವುದೇ ಉತ್ತರ. ಒಂದು ತುಂಡು ಕೇಕಿಗೂ ಆ ಸೀಮೆಯಲ್ಲಿ ಅದೇ ಕ್ರಮ. ಬೆಳಗಿನಿಂದ ಅವನು ಮೂರನ್ನೂ ಮನಸ್ಸಿನಲ್ಲಿ ಹೇಳಿ ನೋಡಿಕೊಂಡಿದ್ದ. ಪಾಠದ ಟಿಪ್ಪಣಿಯ ಹಾಗಿದ್ದವು.

ಹನ್ನೆರಡಕ್ಕೆ ಕಲ್ಲು ಎದ್ದಿತು. ಅಡಿಯಲ್ಲಿ ಡ್ವೇನ್ ಹೇಳಿದಂತೆ ಬೂದುಬಣ್ಣದ ಗಡ್ಡೆ. ಉಬ್ಬಿದ್ದನ್ನು ಉಳಿಯಿಂದ ಕೆತ್ತಿದ. ಕುಳಿ ತುಂಬಲು ಮರಳು ಬೇಕು. ಗ್ಯಾರೇಜಿನ ಮರಳಿನ ಚೀಲ ಚಳಿಗೆ ಬಂಡೆಯಾಗಿತ್ತು. ಸಡಿಲವಾದ ಮರಳು ಇದ್ದದ್ದು ಒಂದೇ ಕಡೆ, ಬಿಸಿಲು ಬೀಳುವ ಗೋಡೆಯ ಬದಿಯಲ್ಲಿ, ಅವನದೇ ಕುರ್ಚಿಯ ಕಲ್ಲಿನ ಕೆಳಗೆ. ಆ ಕಲ್ಲನ್ನು ಎಬ್ಬಿಸಿ, ಮರಳನ್ನು ಬೊಗಸೆಬೊಗಸೆಯಾಗಿ ತೆಗೆದು ಅವಳ ಕಲ್ಲಿನಡಿ ತುಂಬಿದ. ತನ್ನ ಕಲ್ಲನ್ನು ಖಾಲಿ ಕುಳಿಯ ಮೇಲೆ ಹಾಗೇ ಮತ್ತೆ ಇಟ್ಟ. ಸಮ ನೋಡಲು ಅವಳ ಕಲ್ಲಿನ ಮೇಲಿಟ್ಟ ರಸಮಟ್ಟದ ಗುಳ್ಳೆ ನಡುಮಧ್ಯಕ್ಕೆ ಬಂದು ನಿಂತಿತು. ಎಷ್ಟೋ ವರ್ಷದಿಂದ ಅಷ್ಟು ನಿಖರವಾದದ್ದನ್ನು ಅವನು ಮಾಡಿರಲಿಲ್ಲ.

ಮೂರಕ್ಕೆ ಐದು ನಿಮಿಷವಿರುವಾಗ ಕಾರು ಬಂದು ನಿಂತಿತು. ಮೂರಕ್ಕೆ ಬಾಗಿಲು ತೆರೆಯಿತು.

ಕೊರಿನ್ ಕೂದಲು ಕತ್ತರಿಸಿಕೊಂಡಿದ್ದಳು. ಎರಡು ಖಾಲಿ ಸೂಟ್‌ಕೇಸುಗಳನ್ನು ಅಡುಗೆಮನೆಯಲ್ಲಿಟ್ಟು, ಸೀದಾ ಹಿಂದಕ್ಕೆ ಬಂದಳು.

“ಕಾಫಿ?”

“ಬೇಡ, ಈಗ್ತಾನೇ ಕುಡ್ದೆ.”

“ಒಂದು ಚೂರು.”

“ನನಗೋಸ್ಕರ ಮಾಡೋಕೆ ಹೋಗ್ಬೇಡ.”

“ಮಾಡಿ ಆಗಿದೆ.”

“ಹಾಗಾದ್ರೆ ಅರ್ಧ ಕಪ್ಪು.”

ಅವನು ತುಂಬ ಸುರಿದ. ಅವಳು ಕೂತಳು. ವಾಲುವುದಕ್ಕೆ ಸಿದ್ಧವಾದ ಮೈ, ವಾಲದ ಕುರ್ಚಿಯ ಮೇಲೆ ತಡವರಿಸಿತು. ಬಲಗೈ ಕೋಟಿನ ಜೇಬಿನಲ್ಲೇ ಇತ್ತು.

“ಅಲ್ಲಾಡ್ತಾ ಇಲ್ಲ.”

“ಸರಿ ಮಾಡ್ದೆ.”

“ಯಾವಾಗ?”

“ಇವತ್ತು.”

“ಓ.”

ಅವಳ ಕೈ ಜೇಬಿನಿಂದ ಹೊರಬಂತು. ಬೆರಳುಗಳ ನಡುವೆ ಬಿಗಿಯಾಗಿ ಮಡಿಸಿದ ಪ್ರಾರ್ಥನೆಯ ಹಾಳೆ, ಇವತ್ತಿನದು. ಅದನ್ನು ಏನು ಮಾಡುವುದೆಂದು ತೋಚದೆ ಸಾಸರಿನ ಪಕ್ಕ ಇಟ್ಟಳು. ಇಬ್ಬರೂ ಅದನ್ನು ನೋಡಲಿಲ್ಲ.

“ನೀನು ಕೂರಲ್ವಾ?”

“ನಿಂತೇ ಅಭ್ಯಾಸ. ಪಾಠ ಮಾಡೋನಲ್ವಾ.”

ತನ್ನ ಕುರ್ಚಿ ಅವಳೆದುರು ಟಕ್ ಎಂದೀತೆಂಬ ಭಯ ಅವನಿಗೆ.

“ಅಕ್ಕನ ಮಂಡಿ?”

ಕೊರಿನ್ ಕಪ್ಪು ಕೆಳಗಿಟ್ಟಳು. “ವಾಸಿಯಾಗಿದೆ. ಕ್ರಿಸ್‌ಮಸ್‌ಗೇ ವಾಸಿಯಾಗಿತ್ತು.”

ಐದು ತಿಂಗಳಲ್ಲಿ ಆ ಮಂಡಿಯ ಬಗ್ಗೆ ಯಾರೋ ಆಡಿದ ಮೊದಲ ನಿಜ ಅದು. ಬಾಗಿಲು ಇಷ್ಟು ಸಲೀಸಾಗಿ ತೆರೆಯಬಹುದೆಂದು ಅವನು ಎಣಿಸಿರಲಿಲ್ಲ.

“ಹಾಗಾದ್ರೆ ಇಲ್ಲೇ ಇರಬಹುದಲ್ಲ,” ಎಂದ.

“ಅಯ್ಯೋ, ಬೇಡ. ನಿನಗ್ಯಾಕೆ ತೊಂದ್ರೆ. ಒಬ್ಬನೇ ಇದ್ದು ಅಭ್ಯಾಸ ಆಗಿರುತ್ತೆ.”

“ತೊಂದ್ರೆ ಏನಿಲ್ಲ. ನಿನ್ನದೆಲ್ಲ ಹಾಗೇ ಇದೆ. ಇರು.”

“ಅಲ್ಲಿ ಟೊಮ್ಯಾಟೊ ಬೀಜ ಬೇರೆ ಹಾಕಿದೀನಿ. ಕಿಟಕಿ ಹತ್ರ. ಮೊಳಕೆ ಬಂದಿದೆ.”

ಅವಳು ಏಳಲಿಲ್ಲ. ಕಪ್ಪು ಖಾಲಿಯಾಗಿತ್ತು, ಅದನ್ನು ಸಾಸರಿನ ಮೇಲೆ ತಿರುಗಿಸುತ್ತ ಕೂತಳು. ಕೆಳಗೆ ಬಂದರಿನಲ್ಲಿ ಅದಿರಿನ ಹಡಗೊಂದು ಉದ್ದಕ್ಕೆ ಕೂಗಿತು. ಕೇಳಿದ್ದು ಎರಡು ಸಲ ಆಯಿತು ಎಂದು ಅವನ ಮನಸ್ಸು ಲೆಕ್ಕ ಹಾಕಿತು. ಅವಳೂ ಲೆಕ್ಕ ಹಾಕುತ್ತಿದ್ದಳು. ತಿರುಗುತ್ತಿದ್ದ ಕಪ್ಪು ನಿಂತಿತು. ಅವಳು ಮುಖವೆತ್ತಿ ಅವನನ್ನೇ ನೋಡಿದಳು. ಮೂರನೆಯ ಸಲ ಬರುವುದು ನಿಜವಾದ ಉತ್ತರ. ಅದು ‘ಬೇಡ’ವಾದರೆ? ಅದು ‘ಸರಿ’ಯಾದರೂ, ಮೇ ತಿಂಗಳಲ್ಲಿ ಕಲ್ಲು ಕುಸಿಯುತ್ತದಲ್ಲ. ಸರೋವರದ ಮೇಲೆ ಮೋಡ ತಗ್ಗಿ ಬಂದಿತ್ತು.

“ಸಂಜೆ ಹಿಮ ಬೀಳುತ್ತಂತೆ,” ಎಂದ ಆರ್ವಿಡ್. “ಗುಡ್ಡದ ರಸ್ತೆ ಜಾರುತ್ತೆ. ಬೇಗ ಹೊರಟ್ರೆ ಒಳ್ಳೇದೇನೋ.”

ತನ್ನ ದನಿಯಲ್ಲಿದ್ದ ಕಾಳಜಿ ಅವನಿಗೇ ಕೇಳಿಸಿತು.

“ಹೂಂ,” ಎಂದಳು ಕೊರಿನ್. “ಹೌದಲ್ಲ.”

ಅವಳು ಎದ್ದಾಗ ಕುರ್ಚಿ ಸದ್ದು ಮಾಡಲಿಲ್ಲ. ಮಹಡಿಯಲ್ಲಿ ಬೀರುವಿನ ಬಾಗಿಲು ತೆರೆದದ್ದು, ಹ್ಯಾಂಗರುಗಳು ಒಂದಕ್ಕೊಂದು ತಾಕಿದ್ದು ಕೇಳಿಸಿತು. ಅರ್ಧ ಗಂಟೆಯ ಮೇಲೆ ಇಳಿದುಬಂದಳು.

“ಭಾರ ಇದೆ, ಬಿಡು,” ಎಂದು ಎರಡೂ ಸೂಟ್‌ಕೇಸುಗಳನ್ನು ಅವನೇ ಕಾರಿಗೆ ಒಯ್ದ.

“ಕಲ್ಲು ಚೆನ್ನಾಗಿ ಕೂತಿದೆ,” ಎಂದಳು ಅವಳು, ಕಿಟಕಿ ಏರಿಸುವ ಮುಂಚೆ.

ಹಿಂದಕ್ಕೆ ಬಂದು ಅವನು ಆ ದಿನ ಮೊದಲ ಸಲ ತನ್ನ ಕುರ್ಚಿಯಲ್ಲಿ ಕೂತ. ಟಕ್. ಮರಳು ಕಳೆದುಕೊಂಡ ಕಲ್ಲು ಒಂದು ಮೂಲೆಗೆ ಇಳಿಯಿತು. ಕಾಲು ಸರಿಸಿದ. ಟಕ್. ಬೆನ್ನು ಒರಗಿಸಿದ. ಟಕ್. ಬೇಲಿಯಾಚೆ ಡ್ವೇನ್ ಕೆಲಸ ನಿಲ್ಲಿಸಿ ಕಿವಿಗೊಟ್ಟಂತಾಯಿತು. ಆರ್ವಿಡ್ ಎರಡು ಪಾದಗಳನ್ನೂ ಊರಿ, ಕೈಗಳನ್ನು ತೊಡೆಯ ಮೇಲಿಟ್ಟು, ಉಸಿರನ್ನು ಸಣ್ಣದು ಮಾಡಿದ. ಸದ್ದು ನಿಂತಿತು. ಹೀಗೆ ಕೂತರೆ ಎಲ್ಲವೂ ಸಮವಾಗಿತ್ತು.

ಹಿಮ ಶುರುವಾಯಿತು. ಎದುರಿನ ಖಾಲಿ ಕುರ್ಚಿಯ ಮೇಲೆ, ತೊಳೆದ ಮೇಜಿನ ಮೇಲೆ, ಅವನ ಭುಜದ ಮೇಲೆ ಒಂದೇ ದಪ್ಪಕ್ಕೆ ಬೀಳತೊಡಗಿತು. ಸಾಸರಿನ ಪಕ್ಕ ಮಡಿಸಿದ ಹಾಳೆ ಅಲ್ಲೇ ಇತ್ತು, ಕುರ್ಚಿಯ ಕಾಲಿಗೆ ಕೊಡಲು ಸರಿಯಾದ ದಪ್ಪ. ಅದು ನೆನೆದು ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಕೈಗೆಟಕುವಷ್ಟೇ ದೂರ. ಎತ್ತಿಕೊಳ್ಳಬೇಕಾದರೆ ಅಲ್ಲಾಡಬೇಕಾಗಿತ್ತು.