ಕಷಾಯದ ಮರ್ಯಾದೆ

ವಾಮಂಜೂರಿನ ಕಾಲೇಜೊಂದರ ಲ್ಯಾಬಿಗೆ ವಾರಿಜಾಕ್ಷಮ್ಮ ಅಂದು ಮದುವೆಮನೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಬಾರದೆ ಇನ್ನೇನು? ಅತ್ತೆಯಿಂದ ಕಲಿತ ಏಕನಾಯಕನ ಬೇರಿನ ಕಷಾಯವನ್ನು ಸಕ್ಕರೆ ಕಾಯಿಲೆಯವರಿಗೆಲ್ಲ ಧರ್ಮಕ್ಕೆ ಕೊಡುತ್ತ ಬಂದವರು ಅವರು. ಅದರಲ್ಲಿ ನಿಜಕ್ಕೂ ಗುಣವಿದೆಯೇ ಎಂದು ಲ್ಯಾಬಿನ ಸಂಶೋಧಕಿ ಕೃತಿ ಪರೀಕ್ಷೆಗೆ ಇಳಿದಿದ್ದಳು. ಕಾಯಿಲೆ ಹೊಸದಾಗಿ ಕಾಣಿಸಿಕೊಂಡ ಅಕ್ಕಪಕ್ಕದವರು ಡಾಕ್ಟರ ಒಪ್ಪಿಗೆ ಪಡೆದು, ಮಾತ್ರೆ ಮುಟ್ಟದೆ ಕೆಲವು ತಿಂಗಳು ಬರಿಯ ಕಷಾಯ ಕುಡಿಯುತ್ತೇವೆಂದು ಮಾತು ಕೊಟ್ಟು, ಆಗಾಗ ರಕ್ತ ಕೊಟ್ಟಿದ್ದರು. ಇಂದು ಫಲಿತಾಂಶ ಕೇಳಲು ಅವರೂ ಬಂದು ಕುಳಿತಿದ್ದರು.

ಎಲ್ಲರ ಸಕ್ಕರೆಯೂ ಇಳಿದ ಸುದ್ದಿ ಮೊದಲೇ ಸಿಕ್ಕಿತ್ತು. ರಿಕ್ಷಾ ಓಡಿಸುವ ಅಲ್ಫೋನ್ಸನದು ಮಾತ್ರ ಏರುತ್ತಲೇ ಹೋಗಿತ್ತು. ಅವನನ್ನು ನಡುವೆಯೇ ಬಿಡಿಸಿ ಮಾತ್ರೆಗೆ ಕಳುಹಿಸಲು ಕೃತಿ ಹೊರಟಾಗ ವಾರಿಜಾಕ್ಷಮ್ಮ ಅಡ್ಡ ನಿಂತಿದ್ದರು.

"ಅವ ಕದ್ದು ಸ್ವೀಟ್ ತಿನ್ನುದು ಮಾರಾಯ್ತಿ. ನಾನು ಸರಿ ಮಾಡ್ತೇನೆ."

ಸರಿ ಮಾಡಿದ ಬಗೆಯೂ ಚೆನ್ನಾಗಿತ್ತು. ರಿಕ್ಷಾ ಸ್ಟ್ಯಾಂಡಿಗೇ ಹೋಗಿ, "ನಿನ್ನ ನಾಲಿಗೆ ಚಪಲಕ್ಕೆ ನನ್ನ ಮದ್ದಿನ ಮರ್ಯಾದೆ ತೆಗಿತೀಯಾ?" ಎಂದು ನಾಲ್ಕು ಜನರ ಎದುರು ಜಾಡಿಸಿದರು.  ಕೃತಿ ಎಷ್ಟು ಹೇಳಿದರೂ ಅವನು ಕಷಾಯ ಬಿಡಲು ಒಪ್ಪಲಿಲ್ಲ.

ಈಗ ಕೃತಿ ಎದ್ದು ನಿಂತಳು. ಮುಖದಲ್ಲಿ ಕಳೆಯಿರಲಿಲ್ಲ.

"ಶುಗರ್ ಇಳಿದವರೆಲ್ಲರ ರಕ್ತದಲ್ಲೂ ಮಾತ್ರೆಯ ಅಂಶ ಉಂಟು ಅಮ್ಮ. ಇಂಗ್ಲಿಷ್ ಮದ್ದು."

"ನಿಮ್ಮ ಮೆಷಿನ್ ಹಾಳಾಗಿರ್ಬೇಕು! ಗುಣವತಿ, ನೀನಾದ್ರೂ ಹೇಳು."

ಪಕ್ಕದ ಮನೆಯ ಗುಣವತಿ ಸೆರಗಿನ ತುದಿ ತಿರುವುತ್ತ ಕುಳಿತಳು. "ಎಂತ ಹೇಳುದು ಅಕ್ಕ? ಶುಗರ್ ಇಳಿಯದಿದ್ರೆ ನಿಮ್ಮ ಹೆಸರು ಹಾಳಾಗ್ತದಲ್ಲ? ಅಷ್ಟು ಪ್ರೀತಿಯಲ್ಲಿ ಕೊಡ್ತೀರಿ. ಅದಕ್ಕೇ ನಾವೆಲ್ಲ ಮಾತಾಡಿಕೊಂಡು ಮಾತ್ರೆ ತಕೊಂಡದ್ದು."

"ಎಲ್ಲರೂ?"

ಮುಂದೆ ಕುಳಿತವರು ಒಬ್ಬೊಬ್ಬರಾಗಿ ಹೌದೆಂದು ತಲೆಯಾಡಿಸಿದರು. ಇಷ್ಟು ವರ್ಷ ಬಾಗಿಲಿಗೆ ಬಂದು, ಭಾರಿ ಗುಣ ಉಂಟೆಂದು ಕೈಮುಗಿದವರೆಲ್ಲ ಮನೆಗೆ ಹೋಗಿ ಮಾತ್ರೆ ನುಂಗಿದವರೇ ಇರಬೇಕು. ಮದ್ದು ಸೋತದ್ದಕ್ಕಿಂತ, ಊರಿಗೆ ಊರೇ ತನ್ನನ್ನು ಮಗುವಿನ ಹಾಗೆ ಸಮಾಧಾನಪಡಿಸಿತಲ್ಲ ಎಂದು ವಾರಿಜಾಕ್ಷಮ್ಮನಿಗೆ ನಾಚಿಕೆಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಲ್ಫೋನ್ಸನದ್ದು?" ಕೇಳುವಾಗಲೇ ಉತ್ತರ ಗೊತ್ತಿತ್ತು.

"ಅವರದ್ರಲ್ಲಿ ಮಾತ್ರೆ ಇಲ್ಲ. ಬರೀ ಕಷಾಯ ಕುಡಿದದ್ದು ಅವರೊಬ್ಬರೇ."

ಹೆಸರು ಕೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಅಲ್ಫೋನ್ಸ್ ಎದ್ದು ಬಂದ. ಕೆನ್ನೆ ಒಳಗೆ ಹೋಗಿತ್ತು, ಖಾಕಿ ಅಂಗಿ ಮೈಮೇಲೆ ನಿಲ್ಲುತ್ತಿರಲಿಲ್ಲ. ಇನ್ನೊಮ್ಮೆ ಬೈಗುಳ ಕೇಳಲು ತಯಾರಾದವನ ಹಾಗೆ ಅವರೆದುರು ನಿಂತ.

"ಸ್ವೀಟ್ ಒಂದು ಚೂರು ಮುಟ್ಲಿಲ್ಲ ಅಮ್ಮ, ದೇವರಾಣೆ. ಅನ್ನ ಬಿಟ್ಟೆ. ರಾತ್ರಿಯ ಊಟವೂ ಬಿಟ್ಟೆ. ಆದ್ರೂ ಇಳಿಲಿಲ್ಲ. ನನ್ನಿಂದ ನಿಮ್ಮ ಮದ್ದಿಗೆ ಕೆಟ್ಟ ಹೆಸರು."

ವಾರಿಜಾಕ್ಷಮ್ಮನಿಗೆ ಅವನ ಮುಖ ನೋಡಲಾಗಲಿಲ್ಲ.

"ಡಾಕ್ಟರಲ್ಲಿಗೆ ಹೋಗುವ, ನಡಿ. ನಾನೂ ಬರ್ತೇನೆ."

"ಡಾಕ್ಟ್ರು ಎಂತಕ್ಕೆ? ಕಷಾಯ ಸ್ವಲ್ಪ ಸ್ಟ್ರಾಂಗ್ ಮಾಡಿ ಕೊಡಿ. ಈ ಸಲ ಖಂಡಿತ ಇಳಿತದೆ."

ಅವರು ಎಲ್ಲರಿಗೂ ಕೇಳುವ ಹಾಗೆ, ಒಂದೊಂದೇ ಮಾತನ್ನು ಎಳೆದು ತೆಗೆದು ಹೇಳಿದರು: "ನನ್ನ ಮದ್ದಿನಲ್ಲಿ ಏನೂ ಇಲ್ಲ, ಅಲ್ಫೋನ್ಸ್. ತಪ್ಪು ನಿನ್ನದಲ್ಲ, ನನ್ನದು."

ಅವನು ನಂಬಲಿಲ್ಲ. "ಹಾಗೆಲ್ಲ ಹೇಳ್ಬೇಡಿ ಅಮ್ಮ," ಎಂದು ಅವರನ್ನೇ ಸಮಾಧಾನ ಮಾಡತೊಡಗಿದ.